ಶಿಲಾಗರ್ಭದ ಯಾತ್ರೆ

ಅಮೆರಿಕ ದೇಶದ ಆರಿಜೋನಾ ಪ್ರಾಂತದಲ್ಲಿ, ನವಾಹೋ ಜನರ ಭೂಮಿಯೊಳಗೆ, ಕ್ಯಾನ್ಯನ್ ಡಿ ಶೇ ಎಂಬ ಕಣಿವೆಯುಂಟು. ಬರುವ ಶರತ್ಕಾಲದಲ್ಲಿ ಅದನ್ನು ಕಂಡುಬರಬೇಕೆಂದು ನಾವು ಸಂಕಲ್ಪಿಸಿರುವೆವು. ‘ಶೇ’ ಎಂಬುದು ಆ ಜನರ ‘ತ್ಸೇಯಿ’ ಎಂಬ ಶಬ್ದದ ಅಪಭ್ರಂಶ. ಬಂಡೆಯ ಒಳಗು ಎಂದು ಅದರ ಅರ್ಥ. ಶಿಲಾಗರ್ಭವೆಂದರೆ ಒಪ್ಪೀತು. ಅಲ್ಲಿ ಕೆಂಪು ಕಲ್ಲಿನ ಗೋಡೆಗಳು ಕೆಲವೆಡೆ 1000 ಅಡಿಯಷ್ಟು ಎತ್ತರಕ್ಕೆ ನೆಟ್ಟಗೆ ನಿಂತಿವೆ.

ಮೇಲಣ ಅಂಚಿನ ರಸ್ತೆಯಲ್ಲಿ ಯಾರು ಬೇಕಾದರೂ ತಮ್ಮ ಮೋಟಾರಿನಲ್ಲಿ ಸಂಚರಿಸಬಹುದು. ಕಣಿವೆಯ ತಳದಲ್ಲಿ ವಾಹನಸಂಚಾರಕ್ಕೆ ಮಾತ್ರ ಅನುಮತಿ ಪಡೆದ ನವಾಹೋ ಮಾರ್ಗದರ್ಶಕನು ಜೊತೆಗಿರಲೇಬೇಕು. ದಾರಿಯೆಂಬುದು ಹೊಳೆಯ ಪಾತ್ರವೇ. ಹುದುಲುಮರಳೂ ಹಠಾತ್ತನೆ ಬರುವ ನೆರೆಯೂ ಅಲ್ಲಿ ಅಪೂರ್ವವಲ್ಲ. ನಾಲ್ಕು ಚಕ್ರಗಳಿಗೂ ಯಂತ್ರಬಲವಿರುವ ಗಾಡಿಯೇ ಆಗಬೇಕು.

ಆದರೆ ಮರಳಿನ ಭಯವೊಂದೇ ಈ ನಿಯಮಕ್ಕೆ ಕಾರಣವಲ್ಲ. 1931ರಲ್ಲಿ ಕಣಿವೆಯು ರಾಷ್ಟ್ರೀಯ ಸ್ಮಾರಕವಾದರೂ ನೆಲವು ನವಾಹೋ ಜನರದೇ. ಅವರ ಕುಟುಂಬಗಳು ಇಂದಿಗೂ ಅಲ್ಲಿ ಬೆಳೆಯಿಡುತ್ತವೆ. 1864ರಲ್ಲಿ ಕಿಟ್ ಕಾರ್ಸನ್ನನ ಸೈನ್ಯವು ಇಲ್ಲಿಯ ಮನೆಗಳನ್ನು ಸುಟ್ಟು, ಪೀಚ್ ಹಣ್ಣಿನ ತೋಪುಗಳನ್ನು ಕಡಿದುಹಾಕಿತು. ಸಾವಿರಾರು ಮಂದಿ ನ್ಯೂ ಮೆಕ್ಸಿಕೋದ ಬಾಸ್ಕ್ ರೆಡಾಂಡೋಗೆ ಕಾಲ್ನಡೆಯಲ್ಲಿ ಅಟ್ಟಲ್ಪಟ್ಟರು; ಹಲವರು ಮಡಿದರು. 1868ರ ಒಪ್ಪಂದದ ಮೇಲೆ ಉಳಿದವರು ತಮ್ಮ ನಾಡಿಗೆ ಮರಳಿದರು. ಹೀಗೆ ಮರಳಿ ಪಡೆದ ಮನೆಯ ಬಾಗಿಲಲ್ಲಿ ಮನೆಯವರು ನಿಂತು ಕರೆದೊಯ್ಯುವುದು ನ್ಯಾಯವಲ್ಲವೇ?

ಹೊರಡುವವರಿಗೆ ಎರಡು ಮಾತು. ಬೇಸಗೆಯಲ್ಲಿ ನವಾಹೋ ನಾಡಿನ ಗಡಿಯಾರವು ಆರಿಜೋನಾದ ಉಳಿದ ಭಾಗಕ್ಕಿಂತ ಒಂದು ಗಂಟೆ ಮುಂದಿರುವುದು. ವೇಳೆಯನ್ನು ಕೇಳಿ ಗೊತ್ತುಮಾಡಿಕೊಳ್ಳತಕ್ಕದ್ದು. ಜನರ ಭಾವಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ತೆಗೆಯಲಾಗದು. ಪರರ ಅಂಗಳದಲ್ಲಿ ಅತಿಥಿಯ ಧರ್ಮವು ಎಲ್ಲ ದೇಶಗಳಲ್ಲಿಯೂ ಒಂದೇ.