ಮಾರಾಟಕ್ಕಿದೆ: 82 ಸೆಂಟ್ಸ್, 38 ತೆಂಗಿನಮರ, ಒಂದು ಬಾವಿ

ನಮ್ಮ ಮನೆ ಮಾರಾಟಕ್ಕಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕ್ಲಾಸಲ್ಲಿ ಅರ್ಧ ಜನಕ್ಕೆ ಈಗಾಗಲೇ ಗೊತ್ತುಂಟು. ಉಳಿದವರು "ನಿಮ್ದು ಹೈವೇ ಹತ್ರದ ಜಾಗ ಅಲ್ವಾ, ಕೋಟಿ ಬರ್ತದೆ ಮಾರಾಯ" ಅಂತ ಟ್ರೀಟ್ ಕೇಳ್ತಾ ಇದ್ದಾರೆ. ಟ್ರೀಟ್ ಇಲ್ಲ. ಬದಲಿಗೆ ಈ ಲೇಖನ ಓದಿ.

ಮನೆ ಇರುವುದು ಅಂಬಲಪಾಡಿಯಲ್ಲಿ, ಜನಾರ್ದನ ಮಹಾಕಾಳಿ ದೇವಸ್ಥಾನಕ್ಕೆ ನಡೆದು ಹೋಗುವಷ್ಟು ದೂರದಲ್ಲಿ. ಗುತ್ತಿನ ಮನೆ ಅಂತೆಲ್ಲ ಕಲ್ಪನೆ ಮಾಡ್ಬೇಡಿ. ಸಾಧಾರಣ ಹಂಚಿನ ಮನೆ. ಎದುರು ಜಗಲಿ, ಒಳಗೆ ಚಾವಡಿ, ಮೇಲೆ ಅಟ್ಟ, ಹಿಂದೆ ಬಚ್ಚಲು. ಹಟ್ಟಿಯಲ್ಲಿ ದನ ಇಲ್ಲ, ಅಪ್ಪನ ಸ್ಕೂಟರ್ ಉಂಟು. ಜಾಗ 82 ಸೆಂಟ್ಸ್. 38 ತೆಂಗು, ಸುಮಾರು 60 ಅಡಿಕೆ, ಎರಡು ಹಲಸು, ಒಂದು ಕಾಟು ಮಾವು, ಬಸಳೆ ಚಪ್ಪರ, ಅಮ್ಮನ 14 ಮಲ್ಲಿಗೆ ಗಿಡ, ಎಪ್ರಿಲ್ ತಿಂಗಳಲ್ಲೂ ಬತ್ತದ ಬಾವಿ, ಮೂಲೆಯಲ್ಲಿ ನಾಗಬನ. ಅಜ್ಜಿ ಇರುವ ತನಕ ಮಾರುವ ಮಾತೇ ಇರಲಿಲ್ಲ. ಅಜ್ಜಿ ಹೋಗಿ ಎರಡು ವರ್ಷ ಆಯ್ತು.

ಜಾಹೀರಾತು ಬರೆಯುವ ಕೆಲಸ ನನಗೆ ಬಂತು. "ನೀನು ಇಂಗ್ಲಿಷ್ ಮೀಡಿಯಮ್ ಅಲ್ವಾ, ಚಂದ ಮಾಡಿ ಬರಿ" ಅಂದ್ರು ಮುಂಬೈಯ ದೊಡ್ಡ ಮಾವ. ಬೇರೆಯವರು ಹೇಗೆ ಬರೀತಾರೆ ಅಂತ ನೋಡುವಾಗ ಸ್ಪೇನ್ ದೇಶದ ಹಳ್ಳಿಮನೆಗಳ ಜಾಹೀರಾತು ಸಿಕ್ಕಿತು. ಅಲ್ಲಿ ತೋಟ ಸಹಿತ ಇರುವ ಹಳ್ಳಿ ಆಸ್ತಿಗೆ ಫಿಂಕಾ ಅಂತಾರೆ. ಆಲಿವ್ ಮರ ಎಷ್ಟುಂಟು, ಎಷ್ಟು ಹಳೆಯದು, ನೀರು ಎಲ್ಲಿಂದ ಬರ್ತದೆ, ಎಲ್ಲ ಹೆಮ್ಮೆಯಿಂದ ಬರೆದಿರ್ತಾರೆ. ಕೊಳ್ಳುವವನಿಗೆ ಮರ ಬೇಕು, ಹಳೆ ಗೋಡೆ ಬೇಕು. ಆಲಿವ್ ಮರ ನೂರಾರು ವರ್ಷ ಬದುಕುತ್ತದೆ, ಅದಕ್ಕೆ ವಯಸ್ಸಾದಷ್ಟು ಬೆಲೆ. ನಾನೂ ಅದೇ ಧಾಟಿಯಲ್ಲಿ ಜಗಲಿ, ತೆಂಗು, ಬಾವಿ ಎಲ್ಲ ಸೇರಿಸಿ ಎರಡು ಪುಟ ಬರೆದೆ. ಬ್ರೋಕರ್ ಓದಿ ನಗಾಡಿದರು. "ಇದೆಲ್ಲ ಬೇಡ. ಎಷ್ಟು ಸೆಂಟ್ಸ್, ಹೈವೇಯಿಂದ ಎಷ್ಟು ಮೀಟರ್, ಲಾರಿ ಹೋಗ್ತದಾ, ಕನ್ವರ್ಷನ್ ಆಗಿದ್ಯಾ. ನಾಲ್ಕು ಗೆರೆ ಸಾಕು." ಮನೆ ಅಂತ ಒಂದು ಉಂಟಲ್ಲ ಅಂದೆ. "ಮನೆಗೆ ರೇಟ್ ಇಲ್ಲ. ಕೆಡವಲಿಕ್ಕೆ ಜೆಸಿಬಿ ಖರ್ಚು ಪಾರ್ಟಿಗೇ ಬೀಳ್ತದೆ, ಅದನ್ನು ಅವ್ರು ಕಮ್ಮಿ ಮಾಡಿಯೇ ಕೇಳುದು."

ನಾನು ಹುಟ್ಟಿ ಬೆಳೆದ ಮನೆಯ ಬೆಲೆ ಸೊನ್ನೆ ಕೂಡ ಅಲ್ಲ, ಮೈನಸ್. ಇಂಜಿನಿಯರಿಂಗ್ ಓದುವವರಿಗೆ ನೆಗೆಟಿವ್ ವ್ಯಾಲ್ಯೂ ಹೊಸತಲ್ಲ, ಆದ್ರೂ.

ಮರಗಳದ್ದೂ ಅದೇ ಕಥೆ. ಹೈವೇ ಅಗಲ ಮಾಡುವಾಗ ನಮ್ಮ ಜಾಗದ ಒಂದು ಪಟ್ಟಿ ಹೋಗಿತ್ತು, ಏಳು ತೆಂಗು ಸಹಿತ. ಆಗ ಪ್ರತಿ ಮರಕ್ಕೂ ನಂಬರ್ ಬರೆದು, ಫಲ ಕೊಡುವ ಮರ ಯಾವುದು ನೋಡಿ, ಮರದ ಬೆಲೆ ಬೇರೆ, ನೆಲದ ಬೆಲೆ ಬೇರೆ ಲೆಕ್ಕ ಹಾಕಿದ್ದರು. ಬಯ್ಯುವುದಾದ್ರೆ ಸರ್ಕಾರವನ್ನು ಎಲ್ಲರೂ ಬಯ್ತಾರೆ, ಆದರೆ ಸರ್ಕಾರ ಮರ ಎಣಿಸಿತ್ತು. ಈಗ ಬಂದ ಪಾರ್ಟಿಗಳಲ್ಲಿ ಒಬ್ಬರೂ ತಲೆ ಎತ್ತಿ ಮರದ ಕಡೆ ನೋಡಲಿಲ್ಲ. ಬೆಂಗಳೂರಿನಿಂದ ಬಂದವರು "ಎಷ್ಟು ಗುಂಟೆ?" ಅಂತ ಕೇಳಿದರು. ನಮ್ಮಲ್ಲಿ ಗುಂಟೆ ಇಲ್ಲ, ಸೆಂಟ್ಸ್. 1956ರ ತನಕ ನಾವು ಮದ್ರಾಸಿನ ಕೆಳಗೆ ಇದ್ದೆವಲ್ಲ, ಪಹಣಿಯಲ್ಲಿ ಈಗಲೂ ಎಕ್ರೆ-ಸೆಂಟ್ಸೇ. ಎರಡೂವರೆ ಸೆಂಟ್ಸಿಗೆ ಒಂದು ಗುಂಟೆ ಅಂತ ಅಪ್ಪ ಬಾಯಲ್ಲೇ ಭಾಗಿಸಿ ಹೇಳಿದರು. ಇನ್ನೊಬ್ಬರು "ನೈನ್ ಇಲೆವೆನ್ ಉಂಟಾ?" ಅಂದಾಗ ನನಗೆ ನೆನಪಾದದ್ದು ನ್ಯೂಯಾರ್ಕ್. ಅದು ಪಂಚಾಯತಿಯಲ್ಲಿ ಕೊಡುವ ನಮೂನೆ 9 ಮತ್ತು 11 ಅಂತೆ. ನಮ್ಮದು ಪಹಣಿ ಜಾಗ, ಅದು ಇಲ್ಲ.

ದಾಖಲೆ ಹುಡುಕಲಿಕ್ಕೆ ಅಟ್ಟದ ಪೆಟ್ಟಿಗೆ ತೆರೆದೆವು. ಓದುವ ಕೆಲಸವೂ ನನಗೇ. ಹತ್ತನೇ ಕ್ಲಾಸಿನ ತನಕ ಕನ್ನಡ ಸೆಕೆಂಡ್ ಲ್ಯಾಂಗ್ವೇಜ್ ಓದಿದ ನನಗೆ ಆ ಕೈಬರಹದ ಕನ್ನಡ ಅರ್ಥ ಆಗಬೇಕಾದರೆ ಅಪ್ಪ ಪಕ್ಕದಲ್ಲಿ ಕೂತುಕೊಳ್ಬೇಕು. ಒಂದು ಶಬ್ದದಲ್ಲಿ ಸಿಕ್ಕಿಬಿದ್ದೆ, ಚಾಲಗೇಣಿ. ಗೇಣಿಯಲ್ಲಿ ಎರಡು ಬಗೆ ಅಂತೆ. ಮೂಲಗೇಣಿ ಅಂದ್ರೆ ಶಾಶ್ವತ, ಧಣಿ ಎಬ್ಬಿಸುವ ಹಾಗಿಲ್ಲ. ಚಾಲಗೇಣಿ ಅಂದ್ರೆ ವರ್ಷ ವರ್ಷದ್ದು, ಯಾವಾಗ ಬೇಕಾದರೂ ಹೊರಗೆ. ನನ್ನ ಅಜ್ಜ ಚಾಲಗೇಣಿಯವರು. ಅಂದರೆ ಈ ಜಾಗ ತಲೆತಲಾಂತರದಿಂದ ನಮ್ಮದು ಅಂತ ನಾನು ಇಷ್ಟು ದಿನ ತಿಳಿದುಕೊಂಡದ್ದೆಲ್ಲ ಬೊಗಳೆ. ನಮ್ಮದಾದದ್ದು ಅಮ್ಮ ಹುಟ್ಟಿದ ಮೇಲೆ.

ಅದು ಹೇಗೆ ಆಯ್ತು ಅಂತ ಪೆಟ್ಟಿಗೆಯಲ್ಲೇ ಉಂಟು. ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂತು, 1974ರ ಮಾರ್ಚ್ 1ರಿಂದ ಜಾರಿ. ಗೇಣಿಯಲ್ಲಿದ್ದ ಜಾಗ ಸರ್ಕಾರಕ್ಕೆ ಸೇರಿತು, ಸಾಗುವಳಿ ಮಾಡುತ್ತಿದ್ದವರು ನಮೂನೆ 7ರಲ್ಲಿ ಅರ್ಜಿ ಕೊಟ್ಟರೆ ಭೂ ನ್ಯಾಯಮಂಡಳಿ ವಿಚಾರಣೆ ಮಾಡಿ ಅವರ ಹೆಸರಿಗೆ ಮಾಡಿಕೊಡಬೇಕು. ನಮ್ಮ ಕಡೆ ಅದಕ್ಕೆ "ಡಿಕ್ಲರೇಶನ್ ಕೊಟ್ಟದ್ದು" ಅಂತಾರೆ. ಕೊಡುವುದು ಸುಲಭ ಇರಲಿಲ್ಲವಂತೆ. ಧಣಿಗಳ ಮನೆಯ ಮದುವೆ, ಮುಂಜಿ, ಕೋಲಕ್ಕೆ ಹೋಗಿ ಊಟ ಮಾಡಿದವರು, ಅವರ ಮೇಲೆಯೇ ಅರ್ಜಿ ಹಾಕುವುದು ಹೇಗೆ? ಅಜ್ಜ ಆರು ತಿಂಗಳು ಸುಮ್ಮನಿದ್ದರಂತೆ. ಕೊನೆಗೆ ಅಜ್ಜಿ, "ನೀವು ಕೊಡದಿದ್ರೆ ನಾನು ಕೊಡ್ತೇನೆ" ಅಂದರಂತೆ. ಇದು ಅಮ್ಮ ಹೇಳಿದ್ದು. ಕಾಗದದಲ್ಲಿ ಅಜ್ಜಿಯ ಹೆಸರು ಎಲ್ಲೂ ಇಲ್ಲ.

ಹಾಗೆ ಸಿಕ್ಕಿದ ಜಾಗವನ್ನು 15 ವರ್ಷ ಮಾರುವ ಹಾಗೆ ಇರಲಿಲ್ಲ, ಕಾನೂನಿನಲ್ಲೇ ಉಂಟು. ಇನ್ನೊಂದು ಕಡೆಯಿಂದಲೂ ಬೇಲಿ ಇತ್ತು. ಕೃಷಿಕ ಅಲ್ಲದವರು ಕೃಷಿ ಭೂಮಿ ಕೊಳ್ಳುವ ಹಾಗಿಲ್ಲ. 79ಎ, 79ಬಿ ಅನ್ನುವ ಆ ಕಲಮುಗಳನ್ನು 2020ರಲ್ಲಿ ತೆಗೆದುಹಾಕಿದರು. ಈಗ ನಮ್ಮ ಜಾಗ ಕೊಳ್ಳುವವರು ಕಟ್ಟಡದ ವ್ಯವಹಾರದವರು, ಜೀವನದಲ್ಲಿ ಒಂದು ಬಸಳೆ ಬಳ್ಳಿ ನೆಟ್ಟವರಲ್ಲ. ಒಂದು ಕಾನೂನಿನಿಂದ ಬಂದದ್ದು, ಇನ್ನೊಂದು ಕಾನೂನಿನಿಂದ ಹೋಗ್ತಾ ಉಂಟು. 2020ರದ್ದು ತಪ್ಪು ಅಂತ ನಾನು ಭಾಷಣ ಮಾಡಬಹುದು, ಆದರೆ ಅದು ಇಲ್ಲದಿದ್ದರೆ ನಮಗೆ ಈ ರೇಟು ಸಿಗುತ್ತಿರಲಿಲ್ಲ. ಆ ಹಣದಲ್ಲಿ ನನ್ನ ಮುಂದಿನ ಎರಡು ವರ್ಷದ ಫೀಸೂ ಸೇರಿದೆ. ಹಾಗಾಗಿ ಭಾಷಣ ಇಲ್ಲ.

ಮಾರುವುದು ಯಾಕೆ ಅಂತ ಕೇಳಬಹುದು. ಅಮ್ಮ, ಕಾರ್ಕಳದ ದೊಡ್ಡಮ್ಮ, ಮುಂಬೈಯ ದೊಡ್ಡ ಮಾವ, ಬಹರೈನಿನ ಸಣ್ಣ ಮಾವ. ನಾಲ್ಕು ಪಾಲು. ಮನೆ ಉಳಿಸಬೇಕಾದರೆ ನಾವು ಮೂರು ಪಾಲಿನ ಹಣ ಕೊಡಬೇಕು. ಅಪ್ಪ ಮಲ್ಪೆಯ ಐಸ್ ಪ್ಲಾಂಟ್‌ನಲ್ಲಿ ಲೆಕ್ಕ ಬರೆಯುವವರು, ಅಲ್ಲಿಗೆ ಮುಗಿಯಿತು. ಮಾವಂದಿರನ್ನು ಸಿನೆಮಾದ ವಿಲನ್ ಮಾಡುವ ಆಸೆ ನನಗೂ ಇತ್ತು, ಆದರೆ ಅವರು ಹಾಗಿಲ್ಲ. ಅಜ್ಜಿ ಮಲಗಿದ್ದ ಮೂರು ವರ್ಷವೂ ತಿಂಗಳು ತಿಂಗಳು ಹಣ ಕಳಿಸಿದ್ದು ಅವರೇ. ದೊಡ್ಡ ಮಾವ ಫೋನಿನಲ್ಲಿ ಅಮ್ಮನಿಗೆ ಹೇಳಿದರು, "ತಂಗೀ, ಊರಲ್ಲಿ ಒಂದು ಮನೆ ಬೇಕು ಅಂತ ನನಗೂ ಆಸೆ ಉಂಟು. ಆಸೆಯಿಂದ ಇಎಂಐ ಕಟ್ಲಿಕ್ಕೆ ಆಗುದಿಲ್ಲ." ಅಮ್ಮ "ಆಯ್ತಣ್ಣ" ಅಂದು ಫೋನ್ ಇಟ್ಟು ಬಾವಿಕಟ್ಟೆಗೆ ಹೋದರು. ಕೊಡಪಾನ ತುಂಬಿಯೇ ಇತ್ತು.

ಮತ್ತೆ, ಈ ಮನೆ ನೋಡಿಕೊಳ್ಳುವುದು ಏನು ಅಂತ ಫೋಟೋ ನೋಡಿ "ವಾವ್" ಅನ್ನುವವರಿಗೆ ಗೊತ್ತಿಲ್ಲ. ಮಳೆಗಾಲಕ್ಕೆ ಮೊದಲು ಹಂಚು ಕೈಯಾಡಿಸಬೇಕು, ಪಕ್ಕಾಸಿಗೆ ಗೆದ್ದಲು ಹಿಡಿದಿದೆಯಾ ನೋಡಬೇಕು. ತೆಂಗಿನಮರ ಹತ್ತುವವರು ಸಿಗುವುದಿಲ್ಲ, ಕಾಯಿ ತಾನಾಗಿ ಬೀಳುವುದೇ. ಜೂನ್‌ನಿಂದ ಸೆಪ್ಟೆಂಬರ್ ತನಕ ನನ್ನ ಪುಸ್ತಕಗಳಿಗೂ ಬೂಸು ಹಿಡಿಯುತ್ತದೆ.

ಹಂಚಿನ ವಿಷಯ ಬಂತಲ್ಲ. ನಮ್ಮ ಕೆಲವು ಹಂಚಿನ ಮೇಲೆ ಬಾಸೆಲ್ ಮಿಶನ್ ಮುದ್ರೆ, 1865 ಅಂತ ಇಸವಿ ಉಂಟು. ಫ್ರೆಂಡ್ಸ್ ನೋಡಿ, "ಹೋ, ನಿಮ್ಮ ಮನೆ 1865ರದ್ದಾ!" ಅಂತ ಇನ್‌ಸ್ಟಾಗ್ರಾಮಿಗೆ ಹಾಕಿದ್ದೂ ಆಯ್ತು. ಅದು ಮಿಶನ್‌ನವರು ಮಂಗಳೂರಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ ವರ್ಷ, ಆಮೇಲೆ ತಯಾರಾದ ಹಂಚಿಗೂ ಅದನ್ನೇ ಒತ್ತುತ್ತಿದ್ದರು. ನಮ್ಮದಂತೂ ಯಾವುದೋ ಮುರಿದ ಮನೆಯಿಂದ ಅಜ್ಜ ಎತ್ತಿನಗಾಡಿಯಲ್ಲಿ ತಂದ ಸೆಕೆಂಡ್ ಹ್ಯಾಂಡ್ ಹಂಚು. ಈಗ ಅದು ಮೂರನೇ ಕೈಗೆ ಹೋಗ್ತದೆ. ಹಳೆ ಮರದ ವ್ಯಾಪಾರಿ ಬಂದು ಬೆರಳಲ್ಲಿ ಕಂಬ ತಟ್ಟಿ, ಉಗುರಲ್ಲಿ ಕೆರೆದು, "ಇದು ಕಿರಾಲ್‌ಬೋಗಿ, ಇದು ಹಲಸು" ಅಂತ ಹೇಳಿ ಚೀಟಿಯಲ್ಲಿ ಬರೆದುಕೊಂಡ. ಇಡೀ ಮನೆಯಲ್ಲಿ ಬೆಲೆ ಬಂದದ್ದು ಅವನ ಆ ಚೀಟಿಗೆ ಮಾತ್ರ. ಎದುರಿನ ಬಾಗಿಲು ಯಾವುದೋ ರೆಸಾರ್ಟಿಗೆ ಹೋಗಬಹುದಂತೆ.

ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ನೀವು ನೋಡಿರಬಹುದು. ನೋಡದಿದ್ದರೆ ಹೋಗಿ, ಕಾಲೇಜಿನಿಂದ ದೂರ ಇಲ್ಲ. ವಿಜಯನಾಥ ಶೆಣೈ ಅವರು ಕೆಡವಲಿಕ್ಕೆ ಹೊರಟ ಹಳೆ ಮನೆಗಳನ್ನು ಒಂದೊಂದು ತುಂಡಾಗಿ ಬಿಚ್ಚಿ, ತಂದು, ಮತ್ತೆ ಕಟ್ಟಿದ ಜಾಗ ಅದು. ಹರ್ಕೂರಿನ ಮನೆ ಉಂಟು, ಕುಕನೂರಿನ ಕಮಲ ಮಹಲ್ ಉಂಟು, ಮುಧೋಳದ ಅರಮನೆಯ ದರ್ಬಾರ್ ಹಾಲ್ ಉಂಟು. ಅವರು 2017ರಲ್ಲಿ ತೀರಿಕೊಂಡರು. ಎರಡು ಸಲ ಹೋಗಿದ್ದೇನೆ. ಮೊದಲ ಸಲ ಬೋರ್ ಹೊಡೆಯಿತು. ಎರಡನೇ ಸಲ, ಅಂದರೆ ಹೋದ ತಿಂಗಳು, ಜೋಡಣೆಗಳನ್ನೇ ನೋಡುತ್ತಾ ನಿಂತಿದ್ದೆ. ಆದರೆ ಅಲ್ಲಿ ನಿಂತಾಗ ಒಂದು ತಕರಾರೂ ಬಂತು. ಅರಮನೆ, ಮಹಲು, ದೊಡ್ಡವರ ಮನೆಗಳನ್ನು ಉಳಿಸಲಿಕ್ಕೆ ಯಾರಾದರೂ ಒಬ್ಬರು ಬರ್ತಾರೆ. ಡಿಕ್ಲರೇಶನ್ ಮನೆಯನ್ನು ಯಾರು ಬಿಚ್ಚಿ ಜೋಡಿಸ್ತಾರೆ? ಕಂಬದಲ್ಲಿ ಕೆತ್ತನೆ ಇಲ್ಲ, ಅಜ್ಜಿ ಬಾಳೆಕಾಯಿಯ ಲೆಕ್ಕ ಬರೆದ ಸುಣ್ಣದ ಗೆರೆಗಳು ಮಾತ್ರ ಉಂಟು.

ಒಂದು ವಿಷಯದಲ್ಲಿ ಅಮ್ಮ ಜಗ್ಗಲಿಲ್ಲ. ನಾಗಬನ ಮಾರಲಿಕ್ಕಿಲ್ಲ. ಪಾರ್ಟಿಯವರು "ಬೇರೆ ಕಡೆ ಪ್ರತಿಷ್ಠೆ ಮಾಡಿಸುವ, ಖರ್ಚು ನಮ್ಮದು" ಅಂದರು. ಅಮ್ಮ "ನಾಗ ನನ್ನ ಅಪ್ಪನಿಗಿಂತ ಮೊದಲೇ ಇಲ್ಲಿ ಇದ್ದದ್ದು. ಧಣಿ ಹೋದರೂ ಹೋಗಲಿಲ್ಲ, ನಾವು ಹೋದರೂ ಹೋಗುದು ಬೇಡ" ಅಂದರು. ಒಂದೂವರೆ ತಿಂಗಳು ವ್ಯವಹಾರ ನಿಂತುಹೋಯಿತು. ದೊಡ್ಡ ಮಾವನಿಗೆ ಸಿಟ್ಟು ಬರಬಹುದು ಅಂತ ಹೆದರಿದ್ದೆವು, ಅವರು "ಅವಳು ಹೇಳಿದ್ದು ಸರಿ" ಅಂದುಬಿಟ್ಟರು. ಕೊನೆಗೆ 3 ಸೆಂಟ್ಸ್ ಬಿಟ್ಟು ಉಳಿದದ್ದು ಅಂತ ಆಯ್ತು. ಜಾಗದ ಭಾಗ ಮಾಡುವಾಗ 11ಇ ನಕ್ಷೆ ಬೇಕು, ಸರ್ವೆಯರ್ ಬಂದು ಅಳೆದು ಹೋದರು. ಬನಕ್ಕೆ ಹೋಗುವ ದಾರಿಯೂ ಪತ್ರದಲ್ಲಿ ಬರಬೇಕು ಅಂತ ಅಪ್ಪ ಹಟ ಹಿಡಿದರು. ಬರೆದಿದ್ದಾರೆ, ಆರು ಅಡಿ ಅಗಲದ ಕಾಲುದಾರಿ, ಯಾವತ್ತೂ ಮುಚ್ಚತಕ್ಕದ್ದಲ್ಲ ಅಂತ. ನಾಗರಪಂಚಮಿಯ ದಿನ ನಾವು ಸಂತೆಕಟ್ಟೆಯ ಫ್ಲ್ಯಾಟಿನಿಂದ ಹಾಲು, ಎಳನೀರು ಹಿಡಿದುಕೊಂಡು ಬಸ್ಸಲ್ಲಿ ಬಂದು, ಯಾರದ್ದೋ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಪಕ್ಕದಲ್ಲಿ ಹೋಗಬೇಕು. ಸೆಕ್ಯುರಿಟಿಯವನಿಗೆ ಪತ್ರದ ಜೆರಾಕ್ಸ್ ತೋರಿಸ್ಬೇಕೋ ಏನೋ.

ಅಮ್ಮ ಮಲ್ಲಿಗೆಯ ಗೆಲ್ಲು ಕತ್ತರಿಸಿ ತೊಟ್ಟೆಗಳಲ್ಲಿ ಊರಿದ್ದಾರೆ. ಉಡುಪಿ ಮಲ್ಲಿಗೆ ಚಟ್ಟಿಯಲ್ಲೂ ಆಗ್ತದೆ, ಟೆರೇಸಿನಲ್ಲಿ ಬೆಳೆಸುವವರು ಎಷ್ಟೋ ಜನ. ಹನ್ನೊಂದು ಚಿಗುರಿದೆ. ಕಡೆಯುವ ಕಲ್ಲು ಕೂಡ ಬರ್ತದೆ ಅಂತ ಅಮ್ಮ, ಮೂರನೇ ಮಾಳಿಗೆಗೆ ಅದನ್ನು ಹೊರುವವರು ಯಾರು ಅಂತ ಅಪ್ಪ. ಅದು ಇನ್ನೂ ತೀರ್ಮಾನ ಆಗಿಲ್ಲ.

ಪತ್ರಕ್ಕೆ ನನ್ನ ಸಹಿಯೂ ಬೇಕಂತೆ. ನನಗೆ ಹಕ್ಕು ಉಂಟು ಅಂತ ಅಲ್ಲ, ಮುಂದೆ ತಕರಾರು ತೆಗೆಯಬಾರದು ಅಂತ ಹದಿನೆಂಟು ದಾಟಿದ ಮೊಮ್ಮಕ್ಕಳದ್ದೆಲ್ಲ ಒಪ್ಪಿಗೆ ಸಹಿ ಹಾಕಿಸಬೇಕು ಅಂತ ಪಾರ್ಟಿಯ ವಕೀಲರು ಹೇಳಿದ್ದಾರೆ. ಬಹರೈನಿನ ಮಾವನ ಪವರ್ ಆಫ್ ಅಟಾರ್ನಿ ಎಂಬೆಸಿಯ ಸೀಲ್ ಹಾಕಿ ಬಂದಾಗಿದೆ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಸಿಕ್ಕಿದ ದಿನ ಬರುವ ತಿಂಗಳ ಎರಡನೇ ಗುರುವಾರ, ಬೆಳಿಗ್ಗೆ ಹನ್ನೊಂದಕ್ಕೆ. ಅದೇ ದಿನ ಒಂಬತ್ತೂವರೆಗೆ ನಮಗೆ ಸಿಗ್ನಲ್ಸ್ ಇಂಟರ್ನಲ್ಸ್ ಉಂಟು. ಒಂದು ಗಂಟೆಯ ಪೇಪರ್. ಬರೆದು ಬಸ್ ಹಿಡಿದರೆ ಸಮಯಕ್ಕೆ ತಲುಪಬಹುದು.