ನೀಲಿ ಪರದೆಯ ಎರಡು ತಾಸು

ನಮ್ಮ ರಟ್ಟೀಹಳ್ಳಿಯಲ್ಲಿ ಮದುವೆ, ಜಾತ್ರೆಗಳ ವಿಡಿಯೊ ತೆಗೆಯುತ್ತಿದ್ದವರೊಬ್ಬರು ಸ್ಟುಡಿಯೊ ಮುಚ್ಚುವಾಗ ಒಂದು ಗೋಣಿಚೀಲ ತಂದು ನಮ್ಮ ಕಟ್ಟೆಯ ಮೇಲಿಟ್ಟರು. ಒಳಗೆ 31 ವಿಎಚ್‌ಎಸ್ ಕ್ಯಾಸೆಟ್. "ನೀ ದೊಡ್ಡಾಟದ ಮ್ಯಾಲ ಬರಿಯಾಕತ್ತೀಯಂತಲ್ಲ, ಇದ್ರಾಗ ಆಟ ಅದಾವು ನೋಡು" ಅಂದರು. ಪಿಎಚ್‌ಡಿಯ ಮೂರನೇ ವರ್ಷದಲ್ಲಿ ಬರೀ ಪುಸ್ತಕ ತಿರುವುತ್ತ ಕೂತಿದ್ದ ನನಗೆ ಅದು ಹೂತಿಟ್ಟ ಕೊಪ್ಪರಿಗೆ ಸಿಕ್ಕಂತಾಯಿತು.

ಆದರೆ ಕ್ಯಾಸೆಟ್ಟಿನ ಲೆಕ್ಕವೇ ಬೇರೆ. ಪೆನ್‌ಡ್ರೈವಿನಂತೆ ಒಂದೇ ಏಟಿಗೆ ನಕಲಾಗುವುದಿಲ್ಲ. ಮೂರು ತಾಸಿನ ಟೇಪು ಕಂಪ್ಯೂಟರಿಗೆ ಇಳಿಯಲು ಮೂರು ತಾಸೇ ಬೇಕು. ರಾತ್ರಿಯಿಡೀ ನಡೆಯುವ ಒಂದು ಆಟಕ್ಕೆ ಮೂರು ನಾಲ್ಕು ಟೇಪು. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿಯೆಂದು ಹೆಸರಾದ ಜಪಾನಿನ ಫುನಾಯ್ 2016ರಲ್ಲೇ ಕೈ ಬಿಟ್ಟಿದೆ. ಸೋದರಮಾವನ ಅಟ್ಟದ ಮೇಲಿದ್ದ ಹಳೆಯದೊಂದನ್ನು ಇಳಿಸಿ, ಒರೆಸಿ, ಕ್ಯಾಪ್ಚರ್ ಕಾರ್ಡಿನ ಮೂಲಕ ಲ್ಯಾಪ್‌ಟಾಪಿಗೆ ಜೋಡಿಸಿದೆ.

ಇನ್ನು ಸಾಫ್ಟ್‌ವೇರ್. ಟಿವಿ ವಾಹಿನಿಗಳಲ್ಲಿ ಹೊರಗಿನಿಂದ ಬರುವ ದೃಶ್ಯಗಳನ್ನು ಸರ್ವರಿಗೆ ಇಳಿಸಿಕೊಳ್ಳುವ ಕೆಲಸಕ್ಕೆ ಇಂಜೆಸ್ಟ್ ಅನ್ನುತ್ತಾರೆ. ಯಾವುದು ಎಷ್ಟು ಗಂಟೆಗೆ, ಎಷ್ಟು ಹೊತ್ತು, ಯಾವ ಹೆಸರಿನಲ್ಲಿ ಎಂದು ಮೊದಲೇ ಬರೆದಿಟ್ಟರೆ ಸಾಫ್ಟ್‌ವೇರೇ ರೆಕಾರ್ಡ್ ಮಾಡಿಕೊಳ್ಳುತ್ತದೆ. ಅಂಥದ್ದು ನನ್ನ ಫೆಲೋಶಿಪ್ಪಿಗೆ ನಿಲುಕುವಂತಿರಲಿಲ್ಲ. ಉಚಿತವಾದ ನಾಲ್ಕಾರು ನೋಡಿ, ಟೈಮರ್ ಇರುವುದೊಂದನ್ನು ಆರಿಸಿದೆ. ನಾನು ಕೇಳಿಕೊಂಡ ಪ್ರಶ್ನೆ ಒಂದೇ: ನಾನಿಲ್ಲದಿದ್ದರೂ ಇದು ನಡೆಯುತ್ತದೆಯೇ?

ನಡೆಯಿತು. ಮೊದಲ ವಾರ ನಾಲ್ಕು ಟೇಪು ಇಳಿದವು. ಐದನೆಯದನ್ನು ಹಚ್ಚಿ ಹಿರೇಕೆರೂರಿನ ಒಂದು ಮದುವೆಗೆ ಹೋದೆ. ಬಂದು ನೋಡಿದರೆ ಮೂರು ತಾಸಿನ ಕಡತ ಸಿದ್ಧವಾಗಿತ್ತು. ಅದರಲ್ಲಿ ಎರಡು ತಾಸು ಬರೀ ನೀಲಿ ಪರದೆ. ನಡುವೆ ಕರೆಂಟು ಹೋಗಿತ್ತು. ವಿಸಿಆರ್ ನಿಂತಿತ್ತು, ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಿಷ್ಠೆಯಿಂದ ನೀಲಿಯನ್ನೇ ರೆಕಾರ್ಡ್ ಮಾಡಿತ್ತು. ಅದರ ತಪ್ಪಲ್ಲ, ನಾನು ಹೇಳಿದ್ದನ್ನೇ ಮಾಡಿತ್ತು. ಗಾಬರಿಯಲ್ಲಿ ವಿಸಿಆರನ್ನು ಮತ್ತೆ ಹಚ್ಚಿದಾಗ, ಬೂಷ್ಟು ಹಿಡಿದಿದ್ದ ಟೇಪು ಒಳಗೇ ಸಿಕ್ಕಿ ಮುದ್ದೆಯಾಯಿತು. ಬಿಡಿಸಿ ಅಂಟಿಸಿದ ಮೇಲೂ ಏಳು ನಿಮಿಷ ಹೋಯಿತು. ಈಗ ಬದುಕಿಲ್ಲದ ಮಾಸ್ತರೊಬ್ಬರು ಹಾಡುತ್ತಿದ್ದ ಭಾಗ ಅದು. ನನ್ನ ಮೂರನೇ ಅಧ್ಯಾಯ ಅವರ ದನಿಯ ಮೇಲೆಯೇ ನಿಂತಿತ್ತು.

ಆಮೇಲೆ ಸಾಫ್ಟ್‌ವೇರ್ ಆರಿಸುವ ಪ್ರಶ್ನೆಯನ್ನು ಬದಲಿಸಿದೆ. ಚಿತ್ರ ನಿಂತರೆ ಇದು ಏನು ಮಾಡುತ್ತದೆ? ನನಗೆ ಹೇಗೆ ತಿಳಿಸುತ್ತದೆ? ಎಫ್‌ಎಫ್‌ಎಂಪೆಗ್ ಎಂಬ ಉಚಿತ ಸಾಧನದಲ್ಲಿ ಚಿತ್ರ ಅಲುಗಾಡದೆ ನಿಂತದ್ದನ್ನು, ಸದ್ದು ಅಡಗಿದ್ದನ್ನು ಗುರುತಿಸುವ ಫಿಲ್ಟರುಗಳಿವೆ. ಗೆಳೆಯನೊಬ್ಬ ಅವುಗಳನ್ನು ಬಳಸಿ, ಹಾಗಾದೊಡನೆ ಗಂಟೆ ಬಾರಿಸುವಂತೆ ಒಂದು ಸಣ್ಣ ಸ್ಕ್ರಿಪ್ಟ್ ಬರೆದುಕೊಟ್ಟ. ಕಡತಗಳನ್ನು ಎಂಕೆವಿ ರೂಪದಲ್ಲಿ ಅರ್ಧರ್ಧ ತಾಸಿಗೆ ತುಂಡು ಮಾಡಿದೆವು. ನಡುವೆ ನಿಂತರೂ ಅಲ್ಲಿಯವರೆಗಿನದು ಉಳಿಯುತ್ತದೆ. ಸಾದಾ ಎಂಪಿ4 ಪೂರ್ತಿ ಮುಗಿಯದಿದ್ದರೆ ತೆರೆಯುವುದೇ ಕಷ್ಟ. ವಿಸಿಆರಿಗೂ ಯುಪಿಎಸ್ ಬಂತು.

ಗಂಟೆ ಬಾರಿಸಿದರೆ ಓಡಿ ಬರಲು ಮನೆಯಲ್ಲಿ ಯಾರಾದರೂ ಇರಬೇಕಲ್ಲ. ಹಾಗಾಗಿ ನಾನೇ ಕೂರತೊಡಗಿದೆ. ಮೆಣಸಿನಕಾಯಿ ತೊಟ್ಟು ಮುರಿಯುತ್ತ ದೊಡ್ಡವ್ವನೂ ಬಂದು ಕೂತಳು. ಎಂಟನೆಯ ಟೇಪಿನಲ್ಲಿ ದ್ರೌಪದಿ ರಂಗಕ್ಕೆ ಬಂದಾಗ ಕೈ ನಿಲ್ಲಿಸಿ ಅಂದಳು: "ಆಕಿ ಹೆಣ್ಮಗಳಲ್ಲೋ, ನಮ್ಮ ಓಣಿ ಬಡಿಗ್ಯಾರ ಹುಡುಗ. ಉಟ್ಟದ್ದು ನನ್ನ ಸೀರಿ. ವಾಪಸ್ ಕೊಡೂಮುಂದ ಸೆರಗು ಹರದಿತ್ತು."

ಕ್ಯಾಸೆಟ್ಟಿನ ಮೇಲೆ ಬರೆದಿದ್ದದ್ದು 'ಜಾತ್ರಿ, 2' ಎಂದಷ್ಟೇ. ನಾನು ನೋಟ್‌ಬುಕ್ ತೆಗೆದು ಪಾತ್ರಧಾರಿಯ ಹೆಸರು, ಓಣಿ, ಸೀರೆಯ ಕಥೆ ಎಲ್ಲವನ್ನೂ ನಿಮಿಷದ ಲೆಕ್ಕ ಹಾಕಿ ಬರೆದುಕೊಂಡೆ. ಹೋದ ಏಳು ನಿಮಿಷದಲ್ಲಿ ಮಾಸ್ತರರು ಹಾಡಿದ್ದೇನೆಂದು ಕೇಳಿದಾಗ ದೊಡ್ಡವ್ವ ಎರಡು ಸಾಲು ನೆನಪಿಸಿಕೊಂಡಳು, ಮೂರನೆಯದು ಬರಲಿಲ್ಲ.

ಈಗ 19 ಟೇಪು ಮುಗಿದಿವೆ. ಟೈಮರ್ ಇನ್ನೂ ಇದೆ, ಟೇಪು ಮುಗಿದ ಮೇಲೆ ರೆಕಾರ್ಡಿಂಗ್ ನಿಲ್ಲಿಸುವುದಕ್ಕೆ ಮಾತ್ರ. ಶುರು ಮಾಡುವುದು ದೊಡ್ಡವ್ವ ಊಟ ಮುಗಿಸಿ ಬಂದು ಕೂತ ಮೇಲೆ.