ನಗಿಸುವ ಪುಸ್ತಕಕ್ಕೂ ಮನೆಯಲ್ಲಿ ಜಾಗವಿರಲಿ

ಪ್ರಿಯ ಸೋದರಿ, ನಿಮ್ಮ ಮನೆಯಲ್ಲಿ ಯಾವ ಪುಸ್ತಕ ಎಲ್ಲಿದೆ ಎಂದು ಒಮ್ಮೆ ನೋಡಿ. ಕುರ್‌ಆನ್ ಮತ್ತು ಅದರ ವ್ಯಾಖ್ಯಾನಗಳು ಎತ್ತರದ ಕಪಾಟಿನಲ್ಲಿರುತ್ತವೆ. ಅವು ಇರಬೇಕಾದದ್ದೂ ಅಲ್ಲೇ. ಮಕ್ಕಳ ಪಠ್ಯ, ಗೈಡು, ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು ಮೇಜಿನ ಮೇಲಿರುತ್ತವೆ. ಅಡುಗೆ ಪುಸ್ತಕ ಮಸಾಲೆ ಡಬ್ಬಿಗಳ ಪಕ್ಕದಲ್ಲಿರುತ್ತದೆ. ಆದರೆ ಸುಮ್ಮನೆ ಖುಷಿಗಾಗಿ ಓದುವ ನಿಮ್ಮ ಪುಸ್ತಕ ಎಲ್ಲಿದೆ? ಹೆಚ್ಚಿನ ಮನೆಗಳಲ್ಲಿ ಅದು ಇರುವುದಿಲ್ಲ. ಇದ್ದರೂ ದಿಂಬಿನ ಅಡಿಯಲ್ಲೋ, ಮಡಚಿಟ್ಟ ಬಟ್ಟೆಗಳ ನಡುವೆಯೋ ಇರುತ್ತದೆ. ಯಾರಾದರೂ ಬಂದು ನೋಡಿದರೆ "ಮಗಳದ್ದು, ಇಲ್ಲಿ ಬಿದ್ದಿತ್ತು" ಎಂದು ಹೇಳಿಬಿಡುತ್ತೇವೆ.

ಹೆಣ್ಣೊಬ್ಬಳು ಮನೆಯಲ್ಲಿ ಬಟ್ಟೆ ಹೊಲಿಯುತ್ತಾ ಕೂತರೆ ಯಾರೂ ಏನೂ ಕೇಳುವುದಿಲ್ಲ. ಟಿವಿ ಮುಂದೆ ಒಂದು ಗಂಟೆ ಕೂತರೂ ಕೇಳುವವರು ಕಡಿಮೆ. ಪುಸ್ತಕ ಹಿಡಿದು ಒಬ್ಬಳೇ ನಗುತ್ತಾ ಕೂತರೆ ಮಾತ್ರ "ಏನು ಕೆಲಸ ಇಲ್ವಾ?" ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಯ ಬಗ್ಗೆ ನಿಮ್ಮೊಂದಿಗೆ ಸ್ವಲ್ಪ ಮಾತಾಡಬೇಕೆನಿಸಿದೆ.

ನಾನು ಮದ್ರಸದಲ್ಲಿ ಕಲಿತವಳು. ಮದುವೆಯ ನಂತರ ಅಂಚೆ ಮೂಲಕ ಬಿ.ಎ. ಮುಗಿಸಿದೆ. ಇಪ್ಪತ್ತು ವರ್ಷಗಳಿಂದ ಹೆಣ್ಣುಮಕ್ಕಳಿಗೆ ಅರಬಿಯನ್ನೂ ಕನ್ನಡವನ್ನೂ ಕಲಿಸುತ್ತಿದ್ದೇನೆ. ನಾನು ಖುಷಿಗಾಗಿ ಓದುವುದು ಎರಡು ಬಗೆಯ ಪುಸ್ತಕಗಳನ್ನು. ಒಂದು, ನಗಿಸುತ್ತಾ ಸಾಗಿ ಮದುವೆಯಲ್ಲಿ ಮುಗಿಯುವ ಪ್ರೇಮಕತೆಗಳು. ಇನ್ನೊಂದು, ಪುಟ್ಟ ಮಕ್ಕಳ ಚಿತ್ರಪುಸ್ತಕಗಳು. ಇದನ್ನು ಕೇಳಿ ನನ್ನ ಸಹೋದ್ಯೋಗಿಯೊಬ್ಬರು, "ಟೀಚರ್, ಮೊದಲನೆಯದಕ್ಕೆ ನಿಮಗೆ ವಯಸ್ಸು ಮೀರಿತು, ಎರಡನೆಯದಕ್ಕೆ ಎಂದೋ ಮೀರಿತು" ಎಂದರು. ಇಬ್ಬರೂ ನಕ್ಕೆವು. ಆದರೆ ನಾನು ಓದು ಬಿಟ್ಟಿಲ್ಲ.

ಬಿ.ಎ. ಓದುವಾಗ ಜೇನ್ ಆಸ್ಟಿನ್ ಅವರ 'ಪ್ರೈಡ್ ಆ್ಯಂಡ್ ಪ್ರೆಜುಡಿಸ್' ಕೈಗೆ ಬಂತು. 1813ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ಕಾದಂಬರಿ ಅದು. ಆಗ ಅದರ ಪಾತ್ರಗಳ ಗುಣಗಳನ್ನು ಟಿಪ್ಪಣಿ ಮಾಡಿಕೊಂಡು ಓದಿದೆ. ಪರೀಕ್ಷೆ ಮುಗಿದು ಎಷ್ಟೋ ವರ್ಷಗಳಾದ ಮೇಲೆ, ಯಾರೂ ಪ್ರಶ್ನೆ ಕೇಳುವುದಿಲ್ಲ ಎಂಬ ನೆಮ್ಮದಿಯಿಂದ ಮತ್ತೆ ಓದಿದೆ. ಆಗ ನಕ್ಕದ್ದಕ್ಕೆ ಲೆಕ್ಕವಿಲ್ಲ. ಐದು ಹೆಣ್ಣುಮಕ್ಕಳ ತಾಯಿ ಮಿಸೆಸ್ ಬೆನ್ನೆಟ್ ಇದ್ದಾರಲ್ಲ, ಅವರನ್ನು ನೀವು ಖಂಡಿತ ನೋಡಿದ್ದೀರಿ. ನಮ್ಮ ಪ್ರತಿ ಮದುವೆಮನೆಯಲ್ಲೂ ಒಬ್ಬರಿರುತ್ತಾರೆ. ಊರಿಗೆ ಹೊಸದಾಗಿ ಬಂದ ಹುಡುಗನ ಆದಾಯ ಎಷ್ಟು, ಅವನಿಗೆ ಮದುವೆಯಾಗಿದೆಯೇ ಎಂಬುದು ಆ ಹುಡುಗನ ಹೆಸರಿಗಿಂತ ಮೊದಲು ಅವರಿಗೆ ಗೊತ್ತಾಗಬೇಕು. ಆದರೆ ಆ ತಾಯಿಯ ಚಡಪಡಿಕೆಗೆ ಕಾರಣವೂ ಇದೆ. ಗಂಡುಮಕ್ಕಳಿಲ್ಲದ ಕಾರಣ ಗಂಡನ ಕಾಲಾನಂತರ ಆಸ್ತಿಯೆಲ್ಲ ದೂರದ ಸಂಬಂಧಿಯ ಪಾಲಾಗುತ್ತದೆ. ಹೆಣ್ಣುಮಕ್ಕಳು ಇರುವ ಮನೆಯನ್ನೂ ಬಿಡಬೇಕಾದೀತು. ಇದನ್ನು ಅಳಿಸುತ್ತಲೂ ಹೇಳಬಹುದಿತ್ತು. ಆಸ್ಟಿನ್ ನಗಿಸುತ್ತಾ ಹೇಳಿದರು.

ಆ ಸಂಬಂಧಿಯೇ ಕಾಲಿನ್ಸ್ ಎಂಬ ಪಾದ್ರಿ. ಅವನು ಬಂದು ಎಲಿಜಬೆತಳಲ್ಲಿ ಮದುವೆಯ ಪ್ರಸ್ತಾಪ ಮಾಡುತ್ತಾನೆ. ಅವಳು ಬೇಡ ಎನ್ನುತ್ತಾಳೆ. ಹೆಣ್ಣುಮಕ್ಕಳು ಮೊದಲು ಬೇಡ ಎನ್ನುವುದು ವಾಡಿಕೆ ಎಂದು ಅವನು ಸಮಾಧಾನದಿಂದಲೇ ಇರುತ್ತಾನೆ. ಅವಳು ಮತ್ತೆ ಬೇಡ ಎನ್ನುತ್ತಾಳೆ. ಅವನಿಗೆ ಅರ್ಥವೇ ಆಗುವುದಿಲ್ಲ! ಮುಂದೆ ಸಿರಿವಂತ ಡಾರ್ಸಿ ಕೇಳಿದಾಗಲೂ ಅವಳ ಉತ್ತರ ಬೇಡ ಎಂದೇ. ಅವನು ತನ್ನ ಅಹಂಕಾರ ಬಿಟ್ಟು, ಅವಳು ತನ್ನ ಪೂರ್ವಗ್ರಹ ಬಿಟ್ಟ ಮೇಲೆಯೇ ಕತೆ ಮದುವೆಗೆ ಬರುತ್ತದೆ. ಅವರಿಬ್ಬರೂ ಒಬ್ಬರಿಗೊಬ್ಬರು ಎಂದು ನಮಗೆ ಮೊದಲೇ ತಿಳಿದಿರುತ್ತದೆ. ಅವರಿಗೆ ತಿಳಿದಿರುವುದಿಲ್ಲ. "ಅಯ್ಯೋ, ಅಲ್ಲೇ ಇದ್ದಾನಲ್ಲ, ನೋಡಬಾರದೇ!" ಎಂದು ನಾವು ಪುಸ್ತಕದ ಹೊರಗೆ ಕೂತು ಚಡಪಡಿಸುತ್ತೇವೆ. ಈ ಕತೆಗಳ ಸುಖವೆಲ್ಲ ಆ ಚಡಪಡಿಕೆಯಲ್ಲಿದೆ.

ಇನ್ನು ಚಿತ್ರಪುಸ್ತಕದ ಮಾತು. ಒಳ್ಳೆಯ ಚಿತ್ರಪುಸ್ತಕದಲ್ಲೂ ಇದೇ ಸುಖವಿದೆ ಎಂದರೆ ನಂಬುತ್ತೀರಾ? ಪ್ಯಾಟ್ ಹಚಿನ್ಸ್ ಎಂಬ ಲೇಖಕಿ 1968ರಲ್ಲಿ 'ರೋಸೀಸ್ ವಾಕ್' ಎಂಬ ಪುಟ್ಟ ಪುಸ್ತಕ ಮಾಡಿದರು. ರೋಸಿ ಎಂಬ ಕೋಳಿ ಗೂಡಿನಿಂದ ಹೊರಟು ಅಂಗಳ ದಾಟಿ, ಕೊಳ ಸುತ್ತಿ, ಹುಲ್ಲಿನ ರಾಶಿ ದಾಟಿ, ಊಟದ ಹೊತ್ತಿಗೆ ಮನೆ ಸೇರುತ್ತದೆ. ಇಡೀ ಪುಸ್ತಕದಲ್ಲಿರುವುದು 32 ಪದಗಳು, ಅಷ್ಟೇ. ಆದರೆ ಚಿತ್ರದಲ್ಲಿ ಕೋಳಿಯ ಹಿಂದೆಯೇ ಒಂದು ನರಿ ಬರುತ್ತಿದೆ. ಪದಗಳಲ್ಲಿ ನರಿಯ ಸುದ್ದಿಯೇ ಇಲ್ಲ! ನರಿ ಜಿಗಿದಾಗಲೆಲ್ಲ ಏನಾದರೊಂದು ಎಡವಟ್ಟಾಗುತ್ತದೆ. ಒಮ್ಮೆ ಕಸ ಎಳೆಯುವ ಹಲ್ಲುಗೋಲು ಎದ್ದು ಅದರ ಮೂತಿಗೆ ಬಡಿಯುತ್ತದೆ, ಒಮ್ಮೆ ಕೊಳಕ್ಕೆ ಬೀಳುತ್ತದೆ, ಒಮ್ಮೆ ಹಿಟ್ಟಿನ ಚೀಲ ತಲೆಯ ಮೇಲೆ ಸುರಿಯುತ್ತದೆ, ಕೊನೆಗೆ ಜೇನುನೊಣಗಳು ಅಟ್ಟಿಸಿಕೊಂಡು ಹೋಗುತ್ತವೆ. ಕೋಳಿ ಒಮ್ಮೆಯೂ ಹಿಂದೆ ತಿರುಗುವುದಿಲ್ಲ. ಓದಿ ಹೇಳುವ ದೊಡ್ಡವರ ಬಾಯಲ್ಲಿ ಇಲ್ಲದ ಕತೆ ಓದು ಬಾರದ ಮಗುವಿನ ಕಣ್ಣಿಗೆ ಕಾಣುತ್ತದೆ. ಮಗುವೇ ನಮಗೆ ಕತೆ ಹೇಳುತ್ತದೆ. ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವರಿಗೆ ಇಂತಹ ದೊಡ್ಡಸ್ತಿಕೆ ಇನ್ನೆಲ್ಲಿ ಸಿಗುತ್ತದೆ ಹೇಳಿ?

ಈ ಪುಸ್ತಕ ನಮ್ಮ ಮನೆಯಲ್ಲಿ ಮಾಡಿದ ಒಂದು ಕೆಲಸವನ್ನು ಹೇಳಲೇಬೇಕು. ನನ್ನ ತಂದೆ ತೀರಿಕೊಂಡ ಮೇಲೆ ಉಮ್ಮ ನಮ್ಮ ಮನೆಯಲ್ಲೇ ಇದ್ದತ್ ಕೂತರು. ನಾಲ್ಕು ತಿಂಗಳು ಹತ್ತು ದಿನ. ಉಮ್ಮನಿಗೆ ಕುರ್‌ಆನ್ ಓದಲು ಚೆನ್ನಾಗಿ ಬರುತ್ತದೆ. ಎರಡನೇ ಕ್ಲಾಸಿಗೇ ಶಾಲೆ ಬಿಡಿಸಿದ್ದರಿಂದ ಕನ್ನಡ ಅಕ್ಷರ ಮಾತ್ರ ಕೈಗೆ ಹತ್ತಲಿಲ್ಲ. ಆ ದಿನಗಳಲ್ಲಿ ಅವರು ನಮಾಝ್, ತಿಲಾವತ್ ಬಿಟ್ಟರೆ ತುಟಿ ಬಿಚ್ಚುತ್ತಿರಲಿಲ್ಲ. ಊಟಕ್ಕೆ ಕರೆದರೆ "ಸಾಕು" ಎನ್ನುವುದು, ಮಲಗಿ ಎಂದರೆ "ಹೂಂ" ಎನ್ನುವುದು, ಅಷ್ಟೇ. ಮೂರನೇ ತಿಂಗಳಲ್ಲಿ ಒಂದು ಸಂಜೆ ನನ್ನ ಕಿರಿಯ ಮಗ ಆ ಕೋಳಿಯ ಪುಸ್ತಕ ಹಿಡಿದು ಅವರ ಪಕ್ಕ ಕೂತ. ಪುಸ್ತಕ ಇಂಗ್ಲಿಷಿನದು. ಅವನಿಗೆ ಇನ್ನೂ ಓದಲು ಬರದು, ಉಮ್ಮನಿಗಂತೂ ಬರುವುದೇ ಇಲ್ಲ. ಇಬ್ಬರೂ ಪುಟ ತಿರುಗಿಸುತ್ತಿದ್ದರು.

"ಇದರ ಹಿಂದೆ ನರಿ ಇದೆಯಲ್ಲ! ಈ ಕೋಳಿಗೆ ಕಣ್ಣು ಕಾಣುವುದಿಲ್ಲವಾ?" ಎಂದು ಉಮ್ಮನ ಸ್ವರ ಕೇಳಿಸಿತು.

"ಶ್, ಅಜ್ಜೀ! ಹೇಳಬೇಡಿ, ಕೋಳಿಗೆ ಗೊತ್ತಾಗುತ್ತೆ" ಎಂದ ಮಗ.

ನರಿಯ ಮೂತಿಗೆ ಪೆಟ್ಟು ಬಿದ್ದ ಪುಟದಲ್ಲಿ ಉಮ್ಮ ನಕ್ಕರು. ಅಡುಗೆಮನೆಯಲ್ಲಿದ್ದ ನನಗೆ ಮೊದಲು ಅದು ಯಾರ ನಗು ಎಂದೇ ತಿಳಿಯಲಿಲ್ಲ. ಆ ಮೇಲೆ ತಮ್ಮ ತವರಿನ ಕುಂಟು ಕೋಳಿಯೊಂದರ ಕತೆ ಶುರು ಮಾಡಿದರು. ಮರುದಿನ ಇನ್ನೊಂದು ಕತೆ. ಕೆಲವು ಕತೆಗಳಲ್ಲಿ ನನ್ನ ತಂದೆಯೂ ಬರತೊಡಗಿದರು. ಅದುವರೆಗೆ ಅವರ ಹೆಸರೆತ್ತಿದರೆ ಉಮ್ಮ ಮುಖ ತಿರುಗಿಸುತ್ತಿದ್ದರು.

ಒಂದು ದಿನ ನೋಡಲು ಬಂದ ಹಿರಿಯರೊಬ್ಬರು ಆ ನಗು ಕೇಳಿ, "ಇದ್ದತಿನಲ್ಲಿ ಕೂತು ಹೀಗೆ ನಗುವುದಾ?" ಎಂದರು. ನಾನು ಉತ್ತರ ಹುಡುಕುತ್ತಿದ್ದೆ. ಉಮ್ಮ ಮೆಲ್ಲನೆ ಹೇಳಿದರು: "ಅವರು ಇದ್ದಿದ್ದರೆ ನನಗಿಂತ ಜೋರಾಗಿ ನಗುತ್ತಿದ್ದರು." ಇದ್ದತಿನಲ್ಲಿ ಅಲಂಕಾರಕ್ಕೆ ತಡೆಯಿದೆ, ಮರುಮದುವೆಗೆ ತಡೆಯಿದೆ. ಮೊಮ್ಮಗನೊಂದಿಗೆ ನಗುವುದಕ್ಕೆ ತಡೆಯಿದೆ ಎಂದು ನಾನು ಎಲ್ಲೂ ಓದಿಲ್ಲ.

ಓದು ಬಾರದ ಹೆಣ್ಣಿನ ಮಾತು ಬಂದಾಗ ನನಗೆ ಕುಞುಪಾತುಮ್ಮ ನೆನಪಾಗುತ್ತಾಳೆ. ನಮ್ಮ ನೆರೆಯ ಕೇರಳದ ವೈಕಂ ಮುಹಮ್ಮದ್ ಬಷೀರ್ 1951ರಲ್ಲಿ ಬರೆದ ಕಾದಂಬರಿಯ ನಾಯಕಿ ಅವಳು. 'ನನ್ನಜ್ಜನಿಗೊಂದು ಆನೆಯಿತ್ತು' ಎಂಬುದು ಆ ಕಾದಂಬರಿಯ ಹೆಸರಿನ ಅರ್ಥ. ಅವಳ ತಾಯಿಗೆ ದಿನವೂ ಒಂದೇ ಜಂಬ: ತನ್ನ ತಂದೆಗೆ ಆನೆಯಿತ್ತು, ದೊಡ್ಡ ಸಲಗ! ಆಸ್ತಿಯೆಲ್ಲ ಹೋಗಿ ಚಿಕ್ಕ ಮನೆಗೆ ಬಂದರೂ ಆನೆ ಮಾತ್ರ ಹೋಗುವುದಿಲ್ಲ. ಪಕ್ಕದ ಮನೆಗೆ ಓದಿದ ಮುಸ್ಲಿಂ ಕುಟುಂಬವೊಂದು ಬರುತ್ತದೆ. ಆ ಮನೆಯ ಹುಡುಗಿ ಆಯಿಷಾ ಕುಞುಪಾತುಮ್ಮನಿಗೆ ಅಕ್ಷರ ಕಲಿಸುತ್ತಾಳೆ. ಆಯಿಷಾಳ ಅಣ್ಣ ನಿಸಾರ್ ಅಹ್ಮದ್ ಅವಳನ್ನು ಮದುವೆಯಾಗುತ್ತಾನೆ. ಕೊನೆಗೆ ಬೀದಿಯ ಮಕ್ಕಳು ಆ ತಾಯಿಯ ಆನೆ ಆನೆಯೇ ಅಲ್ಲ, ಮಣ್ಣಿನಲ್ಲಿ ಗುಳಿ ತೋಡಿ ಕೂರುವ ಪುಟ್ಟ ಹುಳ ಎಂದು ಛೇಡಿಸುತ್ತಾರೆ. ಮಲಯಾಳದಲ್ಲಿ ಆ ಹುಳಕ್ಕೂ 'ಆನೆ' ಎಂದು ಕೊನೆಯಾಗುವ ಹೆಸರಿದೆ. ನಮ್ಮವರೇ ನಮ್ಮ ಒಣಜಂಬವನ್ನು ಇಷ್ಟು ಪ್ರೀತಿಯಿಂದ ಗೇಲಿ ಮಾಡಿದಾಗ ನೋವಾಗುವುದಿಲ್ಲ. ನಮ್ಮ ಹೆಣ್ಣುಮಕ್ಕಳ ಕತೆಯೆಂದರೆ ಕಣ್ಣೀರೇ ಎಂದು ಅನೇಕರು ತಿಳಿದಿದ್ದಾರೆ. ಕಣ್ಣೀರಿನ ಕತೆಗಳು ಬೇಕು, ಅವು ಸುಳ್ಳಲ್ಲ. ಆದರೆ ನಮ್ಮ ಮನೆಗಳಲ್ಲಿ ನಗುವೂ ಇದೆಯಲ್ಲ! ಅದನ್ನೂ ಯಾರಾದರೂ ಬರೆಯಬೇಕು, ನಾವು ಓದಬೇಕು.

"ಇದರಿಂದ ಏನು ಪ್ರಯೋಜನ?" ಎಂದು ಕೇಳುವವರಿಗೆ ಅರಬಿ ಟೀಚರ್ ಆಗಿ ಒಂದು ಹಳೆಯ ಸಂಗತಿ ಹೇಳುತ್ತೇನೆ. ನಮ್ಮ ಪಂಚತಂತ್ರದ ಕತೆಗಳು ಪಹ್ಲವಿ ಭಾಷೆಗೆ ಹೋಗಿ, ಅಲ್ಲಿಂದ 8ನೇ ಶತಮಾನದಲ್ಲಿ ಅರಬಿಗೆ ಬಂದವು. ಅನುವಾದಿಸಿದವರು ಇಬ್ನುಲ್ ಮುಕಫ್ಫಅ್. ಆ ಗ್ರಂಥವೇ 'ಕಲೀಲ ವ ದಿಮ್ನ'. ಅದರ ಮುನ್ನುಡಿಯಲ್ಲಿ ಅವರು ಗ್ರಂಥದ ಉದ್ದೇಶಗಳನ್ನು ಪಟ್ಟಿ ಮಾಡುತ್ತಾರೆ. ವಿವೇಕಿಗಳಿಗೆ ಬೇಕಾದ ತತ್ವ ಬರುವುದು ಕೊನೆಯಲ್ಲಿ. ಅದಕ್ಕಿಂತ ಮೊದಲು, ಪ್ರಾಣಿಗಳ ಮಾತಿನಿಂದ ಎಳೆಯರನ್ನು ಸೆಳೆಯುವುದು ಮತ್ತು ಬಣ್ಣಬಣ್ಣದ ಪ್ರಾಣಿಚಿತ್ರಗಳಿಂದ ಓದುವವರ ಮನಸ್ಸಿಗೆ ಆನಂದ ಕೊಡುವುದು ಎಂದಿದೆ. ಅದರ 13ನೇ ಶತಮಾನದ ಚಿತ್ರಸಹಿತ ಹಸ್ತಪ್ರತಿಯೊಂದು ಪ್ಯಾರಿಸಿನಲ್ಲಿರುವ ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಇಂದಿಗೂ ಇದೆ. ಅರಸರೂ ವಿದ್ವಾಂಸರೂ ಚಿತ್ರಪುಸ್ತಕ ನೋಡಿ ಸಂತೋಷಪಟ್ಟಿದ್ದಾರೆ ಎಂದಾಯಿತು. ನಲವತ್ತರ ಟೀಚರ್ ನೋಡಿದರೆ ನಾಚಿಕೆಯೇಕೆ?

ಅಬೂ ಉಮೈರ್ ಎಂಬ ಪುಟ್ಟ ಬಾಲಕನ ಹದೀಸ್ ನಿಮಗೆ ಗೊತ್ತಿರಬಹುದು. ಅವನ ಪುಟ್ಟ ಹಕ್ಕಿ ಸತ್ತುಹೋದಾಗ, ಪ್ರವಾದಿ(ಸ) ಅವನ ಹೆಸರಿಗೂ ಹಕ್ಕಿಯ ಹೆಸರಿಗೂ ಪ್ರಾಸ ಹೊಂದುವಂತೆ, ಹಕ್ಕಿ ಏನಾಯಿತು ಎಂದು ಅಕ್ಕರೆಯಿಂದ ವಿಚಾರಿಸಿದರು. ಈ ಒಂದು ಮಾತಿನಿಂದ ಇಬ್ನುಲ್ ಖಾಸ್ ಎಂಬ ವಿದ್ವಾಂಸರು ಅರುವತ್ತು ಪಾಠಗಳನ್ನು ತೆಗೆದಿದ್ದಾರೆ. ವಿದ್ವಾಂಸರ ಕೆಲಸ ಅದು. ಆದರೆ ಆ ಮಗುವಿಗೆ ಅಂದು ಸಿಕ್ಕಿದ್ದು ಪಾಠವಲ್ಲ. ತನ್ನ ಹಕ್ಕಿಯನ್ನು ನೆನಪಿಟ್ಟು ಕೇಳುವವರು ಇದ್ದಾರೆ ಎಂಬ ಸಂತೋಷ.

ನಾವೋ, ಕತೆ ಮುಗಿದ ಕೂಡಲೇ ಮಗುವಿನಲ್ಲಿ "ಇದರ ನೀತಿ ಏನು?" ಎಂದು ಕೇಳುತ್ತೇವೆ. ಆ ಪ್ರಶ್ನೆ ಕೇಳಿದರೆ ಮಗುವಿಗೆ ಪುಸ್ತಕವೂ ಪರೀಕ್ಷೆಯಾಗಿಬಿಡುತ್ತದೆ. ಹತ್ತನೇ ಕ್ಲಾಸು ಮುಗಿದ ದಿನವೇ ಪುಸ್ತಕಗಳನ್ನು ಕಟ್ಟಿ ಗುಜರಿಗೆ ಹಾಕುವ ಹುಡುಗಿಯರನ್ನು ನಾನು ಕಂಡಿದ್ದೇನೆ. ಅವರಿಗೆ ಓದಲು ಬರುತ್ತದೆ. ಓದಿನಲ್ಲಿ ಸುಖವಿದೆ ಎಂದು ಯಾರೂ ತೋರಿಸಿಲ್ಲ. ತಾಯಿ ಪುಸ್ತಕ ಹಿಡಿದು ನಗುವುದನ್ನು ಒಮ್ಮೆಯಾದರೂ ನೋಡಿದ ಮಗುವಿಗೆ ಅದನ್ನು ಬೇರೆ ಹೇಳಿಕೊಡಬೇಕಾಗಿಲ್ಲ.

ಹಾಗೆಂದು ಕೈಗೆ ಸಿಕ್ಕಿದ್ದೆಲ್ಲ ಓದಬೇಕೆಂದಲ್ಲ. ಹುಡುಗಿ ಬೇಡ ಎಂದರೂ ಬೆನ್ನು ಬೀಳುವವನನ್ನು, ಕೆನ್ನೆಗೆ ಹೊಡೆದು ಬುದ್ಧಿ ಕಲಿಸುವವನನ್ನು ನಾಯಕ ಎನ್ನುವ ಕಾದಂಬರಿಗಳೂ ಇವೆ. ಅವನ್ನು ನಾನು ನಾಲ್ಕು ಪುಟಕ್ಕೇ ಮುಚ್ಚಿಡುತ್ತೇನೆ. ಎಲಿಜಬೆತಳ 'ಬೇಡ'ಕ್ಕೆ ಬೆಲೆ ಇರುವುದರಿಂದಲೇ ಅವಳ 'ಹೌದು' ನಮ್ಮನ್ನು ಸಂತೋಷಪಡಿಸುತ್ತದೆ. ನಿಕಾಹ್‌ಗೆ ಹೆಣ್ಣಿನ ಒಪ್ಪಿಗೆ ಬೇಕೆಂದು ತರಗತಿಯಲ್ಲಿ ಕಲಿಸುವ ನನಗೆ ಆ ನಗುವಿನ ಕತೆಯಲ್ಲಿ ಅಪರಿಚಿತವಾದದ್ದು ಏನೂ ಕಾಣಲಿಲ್ಲ. ನೋಡಿ, ಕೊನೆಗೂ ನಾನು ಟೀಚರೇ, ಪಾಠ ಬಂದೇ ಬಂತು!

ಪುಸ್ತಕ ದುಬಾರಿ ಎಂಬ ಚಿಂತೆ ಬೇಡ. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರು ಬಾಲ ಪುಸ್ತಕಾಲಯ ಮಾಲೆಯ ಚಿತ್ರಪುಸ್ತಕಗಳು ಕನ್ನಡದಲ್ಲಿವೆ. 2004ರಲ್ಲಿ ಆರಂಭವಾದ ಬೆಂಗಳೂರಿನ ಪ್ರಥಮ್ ಬುಕ್ಸ್ ಕಡಿಮೆ ಬೆಲೆಗೆ ಕನ್ನಡ ಚಿತ್ರಪುಸ್ತಕಗಳನ್ನು ತಂದಿದೆ. 2015ರಿಂದ ಅವರ ಸ್ಟೋರಿವೀವರ್‌ನಲ್ಲಿ ಮೊಬೈಲಿನಲ್ಲೇ ಉಚಿತವಾಗಿ ಓದಬಹುದು. ಮಗುವಿನ ಕೈಯಲ್ಲಿ ಹೇಗೂ ಮೊಬೈಲು ಇದೆಯಲ್ಲ, ಅದರಲ್ಲಿ ಒಂದು ಕತೆಯೂ ಇರಲಿ.

ಸೋದರಿ, ಅಸರ್ ನಮಾಝ್ ಮುಗಿದು ಚಹಾ ಆದ ಮೇಲೆ ಮಗ್ರಿಬ್‌ವರೆಗೆ ಸ್ವಲ್ಪ ಹೊತ್ತು ಸಿಗುತ್ತದೆ. ಅದರಲ್ಲಿ ಅರ್ಧ ಗಂಟೆ ನಿಮ್ಮದಾಗಿರಲಿ. ಪುಸ್ತಕವನ್ನು ದಿಂಬಿನಡಿಯಿಂದ ತೆಗೆದು ಎಲ್ಲರೂ ಕೂರುವ ಕೋಣೆಯಲ್ಲೇ ಓದಿ. "ಏನು ಓದುತ್ತಿದ್ದೀ?" ಎಂದು ಯಾರಾದರೂ ಕೇಳಿದರೆ ನಗು ಬಂದ ಪುಟವನ್ನೇ ಅವರಿಗೂ ಓದಿ ಹೇಳಿ. ಅವರೂ ನಕ್ಕರೆ, ಕೆಲಸ ಇಲ್ವಾ ಎಂಬ ಪ್ರಶ್ನೆ ಮತ್ತೆ ಬರಲಾರದು.